ಮೊದಲಿನ ನಾಕ

ಗುರುಲಿಂಗಪ್ಪನವರ ಮೂಗು ಅವರಿಗಿಂತ ಮೊದಲು ಅಂಗಡಿಗೆ ಬರುತ್ತಿತ್ತು ಎಂದು ಉದಗೀರದ ಮೊಂಢಾದಲ್ಲಿ ಈಗಲೂ ಹೇಳುತ್ತಾರೆ. ಮೊಂಢಾ ಅಂದರೆ ನಮ್ಮ ಕಾಳಿನ ಪೇಟೆ. ಅಲ್ಲಿ ಅವರು ನಲವತ್ತು ವರ್ಷ ಅಡತಿ ವ್ಯಾಪಾರ ಮಾಡಿದರು. ತೊಗರಿಯ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಬಾಯಿ ಬಿಚ್ಚಿಸಿ, ಬಗ್ಗಿ, ಒಮ್ಮೆ ಮೂಸುತ್ತಿದ್ದರು. "ಹಸಿ ಅದ," ಅಂದರೆ ಹಸಿ. "ಹೋದ ವರ್ಷಿಂದು ಬೆರಸ್ಯಾರ," ಅಂದರೆ ಬೆರೆಸಿದ್ದಾರೆ. ಕಾಳಿನ ತೇವ ಅಳೆಯುವ ಯಂತ್ರ ಪೇಟೆಗೆ ಬಂದಾಗ ಹಮಾಲರು ಅದನ್ನು ಗುರುಲಿಂಗಪ್ಪನವರ ಮೂಗಿನ ಜೊತೆ ಹೋಲಿಸಿ ನೋಡಿ, ಯಂತ್ರ ಸರಿಯಾಗಿದೆ ಎಂದು ಒಪ್ಪಿಕೊಂಡರಂತೆ.

ಮನೆಯಲ್ಲೂ ಆ ಮೂಗಿಗೆ ಬಿಡುವಿರಲಿಲ್ಲ. ಮಗ ಧನರಾಜ ಕಾಲೇಜು ಓದುವಾಗ ಒಮ್ಮೆ ರೈಲ್ವೆ ಸ್ಟೇಷನ್ನಿನ ಮುಂದೆ ಆಮ್ಲೆಟ್ ತಿಂದ. ಮೇಲೆ ಎರಡು ಪೇರಲಹಣ್ಣು ತಿಂದ, ಪಾನ್ ಹಾಕಿಕೊಂಡ, ಕೋಟೆಯ ತನಕ ನಡೆದು ಗಾಳಿ ಕುಡಿದು ಮನೆಗೆ ಬಂದ. ಪೂಜೆ ಮುಗಿಸಿ ಇಷ್ಟಲಿಂಗವನ್ನು ವಸ್ತ್ರದಲ್ಲಿ ಕಟ್ಟುತ್ತಿದ್ದ ತಂದೆ ತಲೆ ಎತ್ತದೆ ಕೇಳಿದರಂತೆ: "ಎಷ್ಟ ತತ್ತಿ?"

ಅಂಥವರು ಮುಪ್ಪಿನಲ್ಲಿ ಒಂದು ಕಲಾ ಮಹಾವಿದ್ಯಾಲಯ ಕಟ್ಟಿದರು. ಯಾಕೆ ಕಟ್ಟಿದರೆಂದು ಯಾರಿಗೂ ಗೊತ್ತಿಲ್ಲ. ಎಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಲು ಹೋಗಿ ತಪ್ಪು ಕಿಟಕಿಯ ಮುಂದೆ ನಿಂತರು ಎನ್ನುವವರೂ ಇದ್ದಾರೆ. ಆ ಕಾಲೇಜಿನಲ್ಲಿ ನನ್ನ ಗಂಡ ವೈಜನಾಥ ಶಿಲ್ಪಕಲೆಯ ಪ್ರೊಫೆಸರ್. ನಮ್ಮ ಮನೆಯ ಬಾಗಿಲ ಮೇಲಿನ ಹಲಗೆಯಲ್ಲಿ ಹಾಗೇ ಬರೆದಿದೆ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರಿನ ಮುಂದೆ 'ತಾಸಿಕಾ' ಎಂದಿದೆ. ಎಷ್ಟು ತಾಸು ಪಾಠವೋ ಅಷ್ಟು ತಾಸಿಗೆ ಪ್ರೊಫೆಸರ್. ಗಂಟೆ ಬಾರಿಸಿದ ಮೇಲೆ ಯಾರೂ ಅಲ್ಲ. ಒಂಬತ್ತು ವರ್ಷದಿಂದ ಹೀಗೆ. ದೀಪಾವಳಿ ಸೂಟಿಯಲ್ಲಿ ಇವರು ಯಾರೂ ಅಲ್ಲದವರಾಗಿ ಮನೆಯಲ್ಲಿ ಕುಳಿತಿದ್ದಾಗ ನಮ್ಮ ಮಗಳು ಪ್ರಾಜಕ್ತಾ ಪಕ್ಕದ ಮನೆಗೆ ಹೋಗಿ, "ನಮ್ಮಪ್ಪ ಈಗ ಬಂದ್ ಅದಾರ," ಎಂದು ಹೇಳಿ ಬಂದಿದ್ದಳು.

ಪ್ರಾಜಕ್ತಾಳಿಗೆ ಆರು ವರ್ಷ, ಒಂದನೆಯ ತರಗತಿ. ನಮ್ಮದು ಗಡಿಯ ಊರು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಎರಡೂ ಕಲಸಿದ್ದು. ಶಾಲೆಗೆ ಸೇರಿದ ಮೊದಲ ವಾರ ಅವಳ ಟೀಚರಬಾಯಿ, "ನಾಕ ದಾಖವ," ಅಂದಾಗ ಇವಳು ನಾಲ್ಕು ಬೆರಳು ತೋರಿಸಿದ್ದಳು. ಮರಾಠಿಯಲ್ಲಿ ನಾಕ ಎಂದರೆ ಮೂಗು. ನಮ್ಮ ಬಾಯಲ್ಲಿ ನಾಕ ಎಂದರೆ ನಾಲ್ಕು. ಮಗು ಮಾಡಿದ ಆ ತಪ್ಪನ್ನು ನಾನು ಹತ್ತು ಮನೆಗೆ ಹೇಳಿ ನಗಿಸಿದ್ದೆ.

ಗುರುಲಿಂಗಪ್ಪನವರು ಲಿಂಗೈಕ್ಯರಾಗಿ ಎರಡು ವರ್ಷವಾಗುತ್ತ ಬಂದಿತ್ತು. ತಂದೆಯ ನಂತರ ಸಂಸ್ಥೆಯ ಅಧ್ಯಕ್ಷರಾಗಿದ್ದ ಧನರಾಜ ಶೇಟರು ಒಂದು ದಿನ ಇವರನ್ನು ಕರೆಸಿದರು.

"ಮಾಸ್ತರ, ಅಪ್ಪಾಜಿದೊಂದು ಪುತಳಾ ಆಗಬೇಕು. ಎದಿ ತನಕ ಸಾಕು. ಗೇಟಿನ ತಾವ ನಿಲ್ಲಸಾಮ. ಪುಣ್ಯತಿಥಿ ದಿನ ಉದ್ಘಾಟನಾ. ಪುತಳಾ ಮನಸಿಗಿ ಬಂತಂದ್ರ ನಿಮ್ಮ ಪರ್ಮನೆಂಟಿನ ಕಾಗದಕ್ಕ ಅವತ್ತೇ ಸಹಿ."

ಇವರು ಮನೆಗೆ ಬಂದು ಈ ಮಾತನ್ನು ಹೇಳಿದಾಗ ನಾನು ಒಲೆಯ ಮೇಲಿನ ಹಾಲನ್ನೇ ಮರೆತೆ. ಶಿಲ್ಪ ವಿಭಾಗದಲ್ಲಿ ಇದ್ದದ್ದು ಐದೇ ವಿದ್ಯಾರ್ಥಿಗಳು. ಅದನ್ನು ಮುಚ್ಚಿ ಮನೆ ಅಲಂಕಾರದ ಕೋರ್ಸು ತೆರೆಯುತ್ತಾರೆಂಬ ಸುದ್ದಿ ಆಗಲೇ ಹಬ್ಬಿತ್ತು. ಹಾಗಾದರೆ ಜೂನಿನಿಂದ ಇವರಿಗೆ ಒಂದು ತಾಸೂ ಇಲ್ಲ. ದಾಳಿಂಬ ಎಂಬ ಹಳ್ಳಿಯಲ್ಲಿರುವ ನನ್ನ ತಂದೆ ಪ್ರತಿ ಸಲ ಫೋನ್ ಮಾಡಿದಾಗಲೂ, "ಅಳಿಯಂದ್ರಿಗಿ ಟ್ರ್ಯಾಕ್ಟರ್ ಹೊಡೀಲಾಕ ಬರ್ತದೇನವ್ವಾ?" ಎಂದು ಕೇಳುತ್ತಿದ್ದರು. ಇವರಿಗೆ ಸೈಕಲ್ಲೇ ಸರಿಯಾಗಿ ಬರುವುದಿಲ್ಲ.

ಪುತ್ಥಳಿಯ ಕೆಲಸ ನಡೆದದ್ದು ನಮ್ಮ ಹಿತ್ತಲ ಪಡಸಾಲೆಯಲ್ಲಿ. ಕಾಲೇಜಿನ ಶಿಲ್ಪ ವಿಭಾಗದ ಶೆಡ್ಡಿನಲ್ಲಿ ಶೇಟರ ಚುನಾವಣೆಯ ಫ್ಲೆಕ್ಸ್ ಬೋರ್ಡುಗಳನ್ನು ಅಟ್ಟಿ ಹಚ್ಚಿದ್ದರಿಂದ ಅಲ್ಲಿ ಶಿಲ್ಪಕ್ಕೆ ಜಾಗವಿರಲಿಲ್ಲ. ಮಣ್ಣಿನ ಮೂರ್ತಿ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಸದಾ ಒದ್ದೆ ಬಟ್ಟೆ ಸುತ್ತಿರಬೇಕು. ಇವರು ಕಾಲೇಜಿಗೆ ಹೋದಾಗ ಆ ಚಾಕರಿ ನನ್ನದು. ಬೆಳಿಗ್ಗೆ ಮಗಳ ಜಡೆ ಹಾಕಿದ ಮೇಲೆ ಒಮ್ಮೆ, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಒಮ್ಮೆ, ಸಂಜೆ ಕಸ ಗುಡಿಸುವ ಮೊದಲು ಒಮ್ಮೆ ನೀರು ಚಿಮುಕಿಸುತ್ತಿದ್ದೆ. ಉದಗೀರದ ದೊಡ್ಡ ಅಡತಿ ವ್ಯಾಪಾರಿ ನನ್ನ ಹಳೆಯ ಹಳದಿ ಸೀರೆ ಸುತ್ತಿಕೊಂಡು ತುಳಸಿಯ ಪಕ್ಕ ಕುಳಿತಿರುತ್ತಿದ್ದರು. ಸೀರೆಯಿಂದ ಹೊರಗೆ ಮೂಗೊಂದೇ ಕಾಣುತ್ತಿತ್ತು. ಎಷ್ಟು ಸುತ್ತಿದರೂ ಅದು ಹೊರಗೇ. ಎಳೆಗೂಸಿನ ಕಾಲು ದುಪ್ಪಟಿಯಿಂದ ಹೊರಬರುವ ಹಾಗೆ. ನಾನು ಅದಕ್ಕೊಂದು ಬೇರೆ ಚಿಂದಿ ಸುತ್ತುತ್ತಿದ್ದೆ.

ಮೂರ್ತಿ ಮುಗಿಯಿತು. ನನ್ನ ಗಂಡನೆಂದು ಹೇಳುವುದಿಲ್ಲ, ಬಹಳ ಚೆನ್ನಾಗಿತ್ತು. ಹಾಲು ಕೊಡಲು ಬಂದ ಹೆಂಗಸು ಅದನ್ನು ನೋಡಿ ಸೆರಗು ಸರಿ ಮಾಡಿಕೊಂಡಳು.

ಶೇಟರು ನೋಡಲು ಬಂದರು. ಸುತ್ತಲೂ ಎರಡು ಸುತ್ತು ಹಾಕಿ, ತಮ್ಮ ಮೂಗನ್ನು ಒಮ್ಮೆ ಮುಟ್ಟಿಕೊಂಡರು. ಅದೂ ತಂದೆಯದೇ ಅಚ್ಚು. ಅವರ ಫ್ಲೆಕ್ಸಿನ ಫೋಟೋಗಳಲ್ಲಿ ಮಾತ್ರ ಅದು ಅರ್ಧಕ್ಕರ್ಧ ಇರುತ್ತಿತ್ತು. ಅದಕ್ಕಾಗಿಯೇ ಅವರ ಮೊಬೈಲಿನಲ್ಲಿ ಏನೋ ಉಪಾಯವಿತ್ತು.

"ಮಾಸ್ತರ, ಎಲ್ಲ ಛಲೋ ಅದ. ಆದ್ರ ನಾಕ ಭಾಳ ಆಯ್ತು." ಪೇಟೆಯ ಮಂದಿಯ ಬಾಯಲ್ಲಿ ಮೂಗಿಗೆ ಮರಾಠಿಯ ನಾಕವೇ; ಅವರ ಜೊತೆ ಮಾತಾಡುವಾಗ ನಮಗೂ ಅದೇ ಬರುತ್ತದೆ.

"ಇತ್ತೇ ಹಂಗ್ರಿ ಶೇಟ."

"ಇತ್ತು, ನನಗ್ ಗೊತ್ತಿಲ್ಲೇನು? ಇದ್ದದ್ದೆಲ್ಲ ಗೇಟಿಗಿ ನಿಲ್ಲಸ್ತಾರೇನ್ರಿ? ನಾಳಿ ಮಂದಿ ಅಪ್ಪಾಜಿಗಿ ನೋಡ್ತಾರ, ಆಮ್ಯಾಲ ನನಗ್ ನೋಡ್ತಾರ. ಕಮ್ಮಿ ಮಾಡ್ರಿ. ಸಾದಾ, ನೀಟ, ನೋಡಿದ್ರ ಮತ ಹಾಕಬೇಕು ಅನ್ನಸಂಗ."

"ಪುತಳಾಕ್ಕ ಮತ ಹಾಕ್ತಾರೇನ್ರಿ?" ಎಂದೆ ನಾನು, ಚಹಾ ಕೊಡುತ್ತ.

"ವೈನಿ, ನೀವು ಚಹಾಕ್ಕ ಸಕ್ರಿ ಛಲೋ ಹಾಕ್ತೀರಿ ನೋಡ್ರಿ," ಎಂದರು ಶೇಟರು.

ಅವರು ಹೋದ ಮೇಲೆ ಇವರು ಮೂರ್ತಿಯ ಮುಂದೆ ಬಹಳ ಹೊತ್ತು ಕುಳಿತರು. ತರಗತಿಯಲ್ಲಿ ಇವರು ಹೇಳುವುದು ಒಂದೇ ಪಾಠ: ನೋಡಿ ಮಾಡ್ರಿ, ಕೇಳಿ ಮಾಡಬ್ಯಾಡ್ರಿ. ಒಂಬತ್ತು ವರ್ಷ ತಾಸಿಗೆ ಒಮ್ಮೆಯಂತೆ ಅದನ್ನೇ ಹೇಳಿದ್ದಾರೆ. ಕೊನೆಗೆ ಎದ್ದು, ಪ್ಲಾಸ್ಟರ್ ಚೀಲ ಬಿಚ್ಚಿ, ದೊಡ್ಡ ಮೂಗಿನ ಮೂರ್ತಿಯ ಅಚ್ಚು ತೆಗೆಯಲು ಶುರು ಮಾಡಿದರು.

"ಹೆಂಗಿದ್ರೂ ತಿದ್ದೋದದ, ಇದಕ್ಯಾಕ ಅಚ್ಚು?" ಎಂದು ಕೇಳಿದೆ.

"ಕೆಡಸೋಕಿಂತ ಮೊದಲ ಅಚ್ಚ ತಗೀಬೇಕು," ಎಂದರು.

ಅದು ಇವರ ಹಳೆಯ ಅಭ್ಯಾಸ. ಇವರ ಊರು ಸಾಸ್ತೂರ. ತೊಂಬತ್ತಮೂರರ ಭೂಕಂಪದಲ್ಲಿ ಮನೆ ಬಿದ್ದಾಗ ಇವರಿಗೆ ಪ್ರಾಜಕ್ತಾಳಷ್ಟೇ ವಯಸ್ಸು. ಅಜ್ಜಿ ಹೋದರು. ಅಜ್ಜಿಯದು ಒಂದು ಫೋಟೋ ಕೂಡ ಇರಲಿಲ್ಲ. ಈಗ ಇವರಿಗೆ ಅಜ್ಜಿಯ ಬಳೆಯ ಸಪ್ಪಳ ನೆನಪಿದೆ, ರೊಟ್ಟಿ ಬಡಿಯುವ ಕೈ ನೆನಪಿದೆ, ಮುಖ ನೆನಪಿಲ್ಲ. ಈ ಮಾತನ್ನು ಇವರು ನನಗೆ ಹೇಳಿದ್ದು ಒಂದೇ ಸಲ. ಮತ್ತೆ ಕೇಳುವುದು ಬೇಡವೆಂದು ನಾನೂ ಕೇಳಿಲ್ಲ.

ಅಚ್ಚು ಬಿಚ್ಚಿದ ಮೇಲೆ ಅರ್ಧ ಕೆಟ್ಟಿದ್ದ ಮಣ್ಣನ್ನು ಮತ್ತೆ ಕಟ್ಟಿದರು. ಈ ಸಲ ಸಣ್ಣ ಮೂಗು. ಮೂರು ದಿನದ ಕೆಲಸವನ್ನು ಎರಡೇ ದಿನಕ್ಕೆ ಮುಗಿಸಿದರು. ನೋಡುವುದು ಏನೂ ಇರಲಿಲ್ಲವಲ್ಲ. ಮೂರ್ತಿ ಈಗ ಕಟಿಂಗ್ ಅಂಗಡಿಯ ಗೋಡೆಯ ಮೇಲಿನ ಗಂಡಸಿನ ಹಾಗೆ ಕಾಣುತ್ತಿತ್ತು. ಶೇಟರಿಗೆ ಅದು ಬಹಳ ಹಿಡಿಸಿತು. ಅಲ್ಲೇ ಫೋಟೋ ಹೊಡೆದುಕೊಂಡು ಆಮಂತ್ರಣ ಪತ್ರಿಕೆಗೆ ಕಳಿಸಿದರು.

ಇವರು ಎರಡನೆಯ ಅಚ್ಚನ್ನೂ ತೆಗೆದು, ಎರಡನ್ನೂ ಉಮರ್ಗಾಕ್ಕೆ ಹೋಗುವ ಟೆಂಪೋದಲ್ಲಿ ಹೇರಿದರು. ಉಮರ್ಗಾದ ಹೈವೇಯ ಮೇಲೆ ದತ್ತಾತ್ರಿ ಎಂಬವನ ಕಾರ್ಖಾನೆ ಇದೆ. ಅವನು ಅಚ್ಚಿಗೆ ಫೈಬರ್ ಹಾಕಿ, ಮೇಲೆ ಕಂಚಿನ ಬಣ್ಣ ಹೊಡೆಯುತ್ತಾನೆ. ಢಾಬಾಗಳ ಮುಂದೆ ನಿಲ್ಲುವ ಎತ್ತು, ಜಿರಾಫೆ, ಕೈಮುಗಿದ ಹೆಂಗಸು, ಎಲ್ಲ ಅವನವೇ.

"ಮೊದಲಿನದು ಯಾಕ ಒಯ್ಯತೀರಿ?" ಎಂದೆ.

"ಮನ್ಯಾಗಿಟ್ರ ನೀ ಅದರಾಗ ಕೊತಂಬ್ರಿ ಬಿತ್ತತಿ."

ಬಿತ್ತುತ್ತಿದ್ದೆ, ನಿಜ. ಆಳ ಚೆನ್ನಾಗಿತ್ತು.

ಪುಣ್ಯತಿಥಿ ಐತವಾರ. ಅದಕ್ಕೆ ಮೊದಲಿನ ಬುಧವಾರ ಇವರು ನಿಲಂಗಾಕ್ಕೆ ಚಿತ್ರಕಲೆಯ ಪರೀಕ್ಷೆ ನಡೆಸಲು ಹೋಗಿದ್ದರು. ಬೆಳಿಗ್ಗೆ ಹತ್ತೂವರೆಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಮನೆಯ ಮುಂದೆ ಆಟೋ ನಿಂತಿತು. ಇಳಿದವರು ಶಿವಗಂಗಾಬಾಯಿ, ಗುರುಲಿಂಗಪ್ಪನವರ ಹೆಂಡತಿ. ಮಗನ ಮನೆಯಲ್ಲಿ ಎರಡು ಕಾರುಗಳಿದ್ದರೂ ಐದು ಜನರ ನಡುವೆ ಕುಳಿತು ಶೇರ್ ಆಟೋದಲ್ಲಿ ಬಂದಿದ್ದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಆಮಂತ್ರಣ ಪತ್ರಿಕೆ.

ಹೊಸ್ತಿಲಲ್ಲೇ ಕುಳಿತು ಪತ್ರಿಕೆಯನ್ನು ನನ್ನ ಮುಂದೆ ಹಿಡಿದರು.

"ಯೋಗಿತಾ, ಇಂವ ಯಾರವಾ? ಪಾಹುಣ್ಯಾ ಏನು, ಭಾಷಣ ಮಾಡಾಕ ಬರಾಂವ?"

"ಅಮ್ಮಾ..." ಪತ್ರಿಕೆಯ ಕಡೆ ಬಗ್ಗಿ ನೋಡಿದೆ. "ಅವರು ಅಪ್ಪಾಜಿ ಅವರೇ ಅದಾರ."

ಅವರು ಪತ್ರಿಕೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಇವರಾ? ನಾ ನಲವತ್ತಾರ ವರ್ಷ ಬಾಳೇ ಮಾಡಿದ್ದು ಇವರ ಕೂಡಾ?"

"ಧನರಾಜ ಶೇಟರೇ ನಾಕ ಕಮ್ಮಿ ಮಾಡ್ರಿ ಅಂದ್ರು..."

"ಅಂವ ಯಾರು ಕಮ್ಮಿ ಮಾಡಾಂವ? ಅಂವಗ ಹಡದಾಕಿ ನಾ, ಆ ನಾಕ ಕೊಟ್ಟವರು ಅವನಪ್ಪ." ಪತ್ರಿಕೆಯನ್ನು ಮಡಚಿ ಮೊಣಕಾಲ ಮೇಲಿಟ್ಟರು. ನನ್ನ ತವೆಯ ಮೇಲಿನ ರೊಟ್ಟಿ ಕಪ್ಪಾಯಿತು. "ಅವರು ಹೋಗೋ ಹೊತ್ತಿಗಿ ಕೈ ಬೆಚ್ಚಗಿದ್ವು, ಯೋಗಿತಾ. ನಾಕ ಮೊದಲ ತಣ್ಣಗಾಯ್ತು. ನಾ ಸೆರಗಿಲೆ ಮುಚ್ಚಿ ಹಿಡ್ಕೊಂಡ ಕೂತಿದ್ದೆ. ಬೆಚ್ಚಗ ಆಗ್ತದೇನೋ ಅಂತ. ಆ ನಾಕ ಇಲ್ದೆ ನಾ ಯಾರಿಗಿ ಹೂವ ಏರಸ್ಲಿ?"

ಆ ಮಣ್ಣಿನ ಮೂಗಿಗೆ ನಾನೂ ಚಿಂದಿ ಸುತ್ತಿದ್ದೆ. ಅದನ್ನು ಅವರಿಗೆ ಹೇಳಲಾಗಲಿಲ್ಲ. ದೊಡ್ಡ ಮೂಗಿನ ಅಚ್ಚು ಇನ್ನೂ ಇದೆ, ಉಮರ್ಗಾದಲ್ಲಿದೆ ಎಂದೆ.

"ಮತ್ತ ಹೇಳು ಅಂವಗ. ಈಗೇ ಹೇಳು. ಮೊದಲಿನ ನಾಕ ಬೇಕು."

ಇವರಿಗೆ ಮೂರು ಸಲ ಫೋನ್ ಹಚ್ಚಿದೆ. ಪರೀಕ್ಷೆಯ ಕೋಣೆಯಲ್ಲಿ ಫೋನ್ ಬಂದ್. ದತ್ತಾತ್ರಿ ಅದೇ ಮಧ್ಯಾಹ್ನ ಅಚ್ಚಿಗೆ ಫೈಬರ್ ಹಾಕುವವನಿದ್ದ. ಇವರನ್ನು ಕೇಳದೆ ಹೇಳಿದರೆ ಪರ್ಮನೆಂಟಿನ ಸಹಿ ಹೋಗುತ್ತದೆ. ಹೇಳದಿದ್ದರೆ ಈ ಮುದುಕಿ ಗೇಟಿನಲ್ಲಿ ನಿಂತು ಯಾರೋ ಪಾಹುಣ್ಯಾನಿಗೆ, ಅಂದರೆ ಅತಿಥಿಗೆ, ಹೂವು ಏರಿಸಬೇಕು. ಜೋಳದ ಹಿಟ್ಟಿನ ಕೈಯಲ್ಲೇ ದತ್ತಾತ್ರಿಯ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿದೆ. ಆ ಕಡೆ ಯಾವುದೋ ಜಿರಾಫೆಯ ಕಾಲು ತಿಕ್ಕುತ್ತಿದ್ದ ಗ್ರೈಂಡರಿನ ಸಪ್ಪಳ.

"ದತ್ತಾತ್ರಿ ಅಣ್ಣಾ! ಎರಡನೇ ಅಚ್ಚ ಮುಟ್ಟಬ್ಯಾಡ್ರಿ. ಮೊದಲಿನ ಅಚ್ಚಿಂದು ಮಾಡ್ರಿ. ಅಮ್ಮಾವ್ರಿಗಿ ದೊಡ್ಡ ನಾಕ ಬೇಕಂತ."

"ನಾಕ?"

"ಹೂಂ, ನಾಕ."

"ಬಾಪರೇ! ಐತವಾರಕ್ಕೇ ಬೇಕೇನ್ರಿ ವೈನಿ?"

"ಐತವಾರನೇ ಕಾರ್ಯಕ್ರಮ. ನಾಕ ಇಲ್ದೆ ಒಯ್ದು ಏನ್ ಮಾಡೋದು?"

"ಮಾಸ್ತರ ಬ್ಯಾರೆ ಅಂದಿದ್ರಲ್ಲ?"

"ಮಾಸ್ತರ ಅಂದದ್ದು ಬಿಡ್ರಿ. ಮನಿ ಹಿರಿಯರೇ ಇಲ್ಲಿ ಕೂತಾರ."

ಶಿವಗಂಗಾಬಾಯಿ ಡಬ್ಬಿಯ ಕಡೆಗೆ ಬಗ್ಗಿದರು. "ಕೇಳಪಾ ತಮ್ಮಾ. ನಾಕ ಅಂದ್ರ ನಾಕೇ. ಒಂದ್ ಚೂರ ಕಮ್ಮಿ ಆದ್ರೂ ನಾ ತಗೊಳ್ಳಂಗಿಲ್ಲ."

"ಆಯ್ತವ್ವಾ, ನಾಕೇ. ಇಬ್ರಿಗಿ ಕರಸ್ತೀನಿ ಕೆಲಸಕ್ಕ."

ಮೂಗಿಗೆ ಇಬ್ಬರು ಯಾಕೆ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಇನ್ನೊಂದು ರೊಟ್ಟಿ ಸೀದಿತು.

ಸಂಜೆ ಇವರು ನಿಲಂಗಾದ ಬಸ್ ಇಳಿದು ಬಂದರು. ಕೈಕಾಲು ತೊಳೆದ ಮೇಲೆ ಎಲ್ಲವನ್ನೂ ಹೇಳಿದೆ. ಇವರು ಫೋನ್ ತೆಗೆದುಕೊಂಡು ದತ್ತಾತ್ರಿಯ ಹೆಸರನ್ನು ಹುಡುಕಿದರು. ಬೆರಳು ಅದರ ಮೇಲೆ ನಿಂತಿತು. ಒಂದು ಮಾತು ಹೇಳಿದರೆ ಸಣ್ಣ ಮೂಗು ಬರುತ್ತದೆ, ಸಹಿ ಬರುತ್ತದೆ. ನಾನು ತಡೆಯಲಿಲ್ಲ, ತಡೆಯುವ ಮುಖ ನನಗೆ ಉಳಿದಿರಲಿಲ್ಲ. ಇವರು ಫೋನನ್ನು ಉಪ್ಪಿನ ಡಬ್ಬಿಯ ಪಕ್ಕ ಇಟ್ಟರು.

"ಸಹಿ ಹೋಯ್ತು," ಎಂದರು.

"ಹೂಂ."

"ನಾಕ ಬಂತು."

"ಹೂಂ."

"ರೊಟ್ಟಿ ಯಾಕ ಇಷ್ಟ ಕರ್ರಗ ಆಗ್ಯಾವ?" ಎಂದು ಕೇಳಿ, ಕಪ್ಪಾದದ್ದನ್ನೇ ಮುರಿದುಕೊಂಡು ನಾಲ್ಕು ತಿಂದರು. ವಾರದಿಂದ ಅಷ್ಟು ತಿಂದಿರಲಿಲ್ಲ.

ಐತವಾರ ಬೆಳಿಗ್ಗೆ ನಾವು ಮೂವರೂ ಕಾಲೇಜಿನ ಹಿಂದಿನ ಗೇಟಿನಲ್ಲಿ ಕಾಯುತ್ತಿದ್ದೆವು. ಮುಂದಿನ ಗೇಟಿನಲ್ಲಿ ಶಾಮಿಯಾನ, ಬ್ಯಾಂಡು, ಖಾಲಿ ಕಟ್ಟೆ. ಟೆಂಪೋ ಬಂತು. ಹಿಂದೆ ಹಗ್ಗ ಕಟ್ಟಿಸಿಕೊಂಡು, ಬಿಳಿ ಚಾದರ ಹೊದ್ದು, ನಾಲ್ಕು ಜನ ಎದುರುಬದುರಾಗಿ ಕುಳಿತಿದ್ದರು. ದಿಂಡಿ ಯಾತ್ರೆಗೆ ಹೊರಟವರ ಹಾಗೆ.

"ಇವರೆಲ್ಲ ಯಾರು?" ಎಂದರು ಇವರು.

ದತ್ತಾತ್ರಿ ಕೆಳಗಿಳಿದ. ಮೂರು ದಿನ ಸರಿಯಾಗಿ ಮಲಗಿರಲಿಲ್ಲ, ಕಣ್ಣು ಕೆಂಪಾಗಿದ್ದವು. ಆದರೂ ಹುರುಪಿನಿಂದ ಒಂದೊಂದೇ ಚಾದರ ಎಳೆದ. ಗುರುಲಿಂಗಪ್ಪ. ಗುರುಲಿಂಗಪ್ಪ. ಗುರುಲಿಂಗಪ್ಪ. ಗುರುಲಿಂಗಪ್ಪ. ನಾಲ್ಕು ಮೂಗುಗಳೂ ಟೆಂಪೋದ ನಡುವೆ ಒಂದಕ್ಕೊಂದು ತಾಗುವಂತಿದ್ದವು.

"ನಿಲಂಗಾದಾಗ ಚಹಾಕ್ಕ ನಿಂತಿದ್ದೆ ಸರ. ಮಂದಿ ಬಂದು ಕೈ ಮುಗದು ಹೋದ್ರು. ಯಾವ ದೇವರು ಅಂತ ಒಬ್ಬಾಂವ ಕೇಳ್ದ."

"ದತ್ತಾತ್ರಿ," ಎಂದರು ಇವರು ಬಹಳ ಮೆತ್ತಗೆ, "ನಾಕ ಯಾಕ ಮಾಡ್ದಿ?"

"ವೈನಿನೇ ಅಂದ್ರಲ್ಲ! ನಾಕ ಬೇಕು, ನಾಕ ಅಂದ್ರ ನಾಕೇ, ಒಂದ್ ಚೂರ ಕಮ್ಮಿ ಆದ್ರೂ ತಗೊಳ್ಳಂಗಿಲ್ಲ ಅಂತ!"

ಪ್ರಾಜಕ್ತಾ ನನ್ನನ್ನು ನೋಡಿದಳು. ಆಮೇಲೆ ನಿಧಾನಕ್ಕೆ ನಾಲ್ಕು ಬೆರಳು ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ಇಷ್ಟು ದಿನ ನಾನು ಅವಳನ್ನು ನಗೆಮಾಡಿದ್ದಕ್ಕೆ ಅವಳು ಕೊಟ್ಟ ಶಿಕ್ಷೆ ಅಷ್ಟೇ. ಇವರು ಗೋಡೆಗೆ ಒರಗಿ ನಕ್ಕರು. ಅಳುತ್ತಿದ್ದಾರೇನೋ ಎಂದು ನನಗೆ ಭಯವಾಗುವಷ್ಟು ನಕ್ಕರು.

ಕಟ್ಟೆ ಒಂದೇ ಇತ್ತು. ಒಂದನ್ನು ಅದರ ಮೇಲೆ ಕೂರಿಸಿ ಶಾಲು ಹೊದಿಸಿದರು. ಉಳಿದ ಮೂರನ್ನು ಎಲ್ಲಿಡುವುದು? ತೆರೆದಿದ್ದದ್ದು ಅಧ್ಯಕ್ಷರ ಕೋಣೆಯೊಂದೇ. ಮೇಜಿನ ಈಚೆಗಿದ್ದ ಮೂರು ಕುರ್ಚಿಗಳಲ್ಲಿ ಮೂವರನ್ನೂ ಕೂರಿಸಿ, ಚಾದರ ಹೊದಿಸಿ, ಬಾಗಿಲು ಎಳೆದು ಮುಚ್ಚಿದೆವು.

ಹನ್ನೊಂದಕ್ಕೆ ಬ್ಯಾಂಡು ಬಾರಿಸಿತು. ದೂರದಿಂದ ಬಂದ ಮುಖ್ಯ ಅತಿಥಿ, ಪಕ್ಕದಲ್ಲಿ ಧನರಾಜ ಶೇಟರು, ಇಬ್ಬರೂ ಸೇರಿ ಶಾಲು ಎಳೆದರು. ಮೊದಲು ಹೊರಗೆ ಬಂದದ್ದು ಮೂಗು.

ಚಪ್ಪಾಳೆ ಶುರುವಾಗಿ ಅರ್ಧಕ್ಕೆ ನಿಂತಿತು. ಶೇಟರ ಮುಖದ ಮೇಲೆ ನಗು ಇತ್ತು, ಆದರೆ ಹಲ್ಲು ಮಾತ್ರ ನಗುತ್ತಿದ್ದವು. ಮೊಂಢಾದಿಂದ ಬಂದಿದ್ದವರು ಹಿಂದೆ ನಿಂತಿದ್ದರು. ಅವರೊಳಗಿಂದ ವೀರಭದ್ರ ಎಂಬ ಮುದಿ ಹಮಾಲ ಜನರನ್ನು ಸರಿಸಿಕೊಂಡು ಮುಂದೆ ಬಂದ. ಕಟ್ಟೆಯ ಮುಂದೆ ನಿಂತು, ಅಂಗಿಯ ಕಿಸೆಯಿಂದ ಒಂದು ಮುಷ್ಟಿ ಹೊಸ ತೊಗರಿ ತೆಗೆದು, ಕೈ ಎತ್ತಿ ಆ ಮೂಗಿನ ಕೆಳಗೆ ಹಿಡಿದ.

"ಮಾಲಕ, ನೋಡ್ರಿ. ಹಸಿ ಅದ ಏನು?"

ಜನ ನಕ್ಕರು. ನಗುತ್ತ ನಗುತ್ತ ಎಷ್ಟೋ ಜನ ಕಣ್ಣು ಒರೆಸಿಕೊಂಡರು. ಮುಖ್ಯ ಅತಿಥಿಗೆ ಇದೂ ಈ ಊರಿನ ವಿಧಿಯಿರಬೇಕು ಎನ್ನಿಸಿತು. ಅವರು ವೀರಭದ್ರನ ಕೈಯಿಂದ ನಾಲ್ಕು ಕಾಳು ತೆಗೆದುಕೊಂಡು ಭಕ್ತಿಯಿಂದ ಮೂಗಿನ ಕೆಳಗೆ ಹಿಡಿದು ಫೋಟೋಕ್ಕೆ ನಿಂತರು. ಶಿವಗಂಗಾಬಾಯಿ ಎಲ್ಲರೂ ಸರಿದ ಮೇಲೆ ಹೋದರು. ಹೂವು ಏರಿಸಿದರು. ಸೆರಗಿನ ತುದಿಯಿಂದ ಮೂಗಿನ ಮೇಲಿದ್ದ ಧೂಳನ್ನು ಒರೆಸಿ, ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟರು. ಬಿಸಿಲಿಗೆ ಅದು ಬೆಚ್ಚಗಾಗಿತ್ತು.

ಶೇಟರು ಇವರ ತೋಳು ಹಿಡಿದು ತಮ್ಮ ಕೋಣೆಯ ಕಡೆಗೆ ಎಳೆದುಕೊಂಡು ಹೋದರು. ನಾನು, ಪ್ರಾಜಕ್ತಾ, ಹಿಂದಿನಿಂದ ಶಿವಗಂಗಾಬಾಯಿ.

"ನನ್ನ ಮೂಗ ಕೊಯ್ದ್ರಿ ಮಾಸ್ತರ! ಹೇಳಿದ್ದೇನು, ಮಾಡಿದ್ದೇನು? ಸಹಿ ಅಂತ ಸಹಿ! ಇನ್ನ..." ಎನ್ನುತ್ತ ಬಾಗಿಲು ದೂಡಿದವರು ಅಲ್ಲೇ ನಿಂತರು. "ಯಾರಿವರು? ಏನ್ರಿ, ಯಾರು ಬೇಕಾಗಿತ್ತು?"

ಕುರ್ಚಿಯಲ್ಲಿದ್ದವರು ಮಾತಾಡಲಿಲ್ಲ. ಪ್ರಾಜಕ್ತಾ ಓಡಿಹೋಗಿ ಮೂರು ಚಾದರಗಳನ್ನೂ ಎಳೆದುಬಿಟ್ಟಳು.

ಶೇಟರು ಮೇಜನ್ನು ಹಿಡಿದುಕೊಂಡು ಸುತ್ತು ಹಾಕಿ ಹೋಗಿ ತಮ್ಮ ಕುರ್ಚಿಯಲ್ಲಿ ಕುಸಿದರು. ಈಗ ಮೂವರು ಅಪ್ಪಂದಿರೂ ಅವರಿಗೆ ನೇರ ಎದುರಾಗಿದ್ದರು. ಅವರು ಸುಮ್ಮನೆ ಬಾಯಿಗೆ ಕೈ ಅಡ್ಡ ಹಿಡಿದದ್ದನ್ನು ನಾನು ನೋಡಿದೆ.

"ಪುತಳಾ ಆದ ದಿನ ಮಾಸ್ತರಗ ಕಾಗದ ಕೊಡ್ತೀನಿ ಅಂದಿದ್ದಿಯಂತ," ಎಂದರು ಶಿವಗಂಗಾಬಾಯಿ. "ಎಲ್ಲದ?"

"ತಯಾರ ಇತ್ತವ್ವಾ, ಟೈಪ್ ಆಗಿತ್ತು. ಇವರೇ ಎಲ್ಲ ಕೆಡಸಿದ್ರು, ಹೆಂಗ್ ಕೊಡ್ಲಿ?"

"ಟೈಪ್ ಆಗಿದ್ರ ತೋರ್ಸು."

"ಈಗ್ಯಾಕ..."

ಶಿವಗಂಗಾಬಾಯಿ ನಡುವಿನ ಮೂರ್ತಿಯ ಪಕ್ಕ ಹೋಗಿ ನಿಂತರು. ಅದರ ಹೆಗಲ ಮೇಲೆ ಕೈಯಿಟ್ಟು, ತಲೆ ಎತ್ತದೆ ಕೇಳಿದರು:

"ಎಷ್ಟ ತತ್ತಿ, ಧನರಾಜ?"

ನಲವತ್ತೈದು ವರ್ಷದ ಮನುಷ್ಯ ಖಾನೆ ಎಳೆದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಶಿವಗಂಗಾಬಾಯಿ ಕನ್ನಡಕ ತಂದಿರಲಿಲ್ಲ. ಅವರು ಕಾಗದವನ್ನು ಪ್ರಾಜಕ್ತಾಳ ಕೈಗೆ ಕೊಟ್ಟರು. ಮಗು ಶಾಲೆಯಲ್ಲಿ ಓದುವ ಹಾಗೆ ನೆಟ್ಟಗೆ ನಿಂತು, ಬೆರಳಿಟ್ಟುಕೊಂಡು, ಒಂದೊಂದೇ ಮರಾಠಿ ಅಕ್ಷರ ಓದಿದಳು:

"ಶಿ... ಲ್ಪ... ವಿ... ಭಾ... ಗ... ಬಂ... ದ್."

ಓದಿ ಮುಗಿಸಿ ತಂದೆಯ ಕಡೆ ತಿರುಗಿದಳು. ಆ ಕೊನೆಯ ಶಬ್ದ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇವರು ಕಾಗದ ತೆಗೆದುಕೊಂಡು ತಾರೀಖು ನೋಡಿದರು. ಪುತ್ಥಳಿ ಮಾಡಲು ಹೇಳುವ ಹದಿನೈದು ದಿನ ಮೊದಲಿನದು. ಮೂಗು ಸಣ್ಣದಿದ್ದರೂ ಬರುತ್ತಿದ್ದದ್ದು ಇದೇ ಕಾಗದ. ನನ್ನ ಎದೆಯ ಮೇಲೆ ನಾಲ್ಕು ದಿನದಿಂದ ಕುಳಿತಿದ್ದ ಭಾರ ಇಳಿಯಿತು. ಅದರ ಜಾಗದಲ್ಲಿ ಸಿಟ್ಟು ಬಂದು ಕುಳಿತಿತು.

"ಅವ್ವಾ, ಐದೇ ಮಂದಿ ಅದಾರ ಕಲಿಯೋರು," ಎಂದರು ಶೇಟರು ಮೆತ್ತಗೆ. "ಮಣ್ಣ ಕಲಸೋದ ಕಲತು ಏನ್ ಮಾಡ್ತಾರ?"

"ಆಯ್ತು, ಮುಚ್ಚು," ಎಂದರು ಶಿವಗಂಗಾಬಾಯಿ. "ಯೋಗಿತಾ, ಆ ಟೆಂಪೋದಾಂವಗ ಹೋಗಬ್ಯಾಡ ಅನ್ನು. ಈ ಮೂರೂ ನಮ್ಮ ಮನಿಗಿ."

"ಮನಿಗಿ ಯಾಕವ್ವಾ?"

"ಮತ್ತೆಲ್ಲಿ ಇಡ್ತಿ ನಿಮ್ಮಪ್ಪಗ? ಶಿಲ್ಪದ ಖೋಲಿ ಇದ್ರ ಅಲ್ಲಿ ಇಡ್ತಿದ್ವಿ, ಹುಡುಗ್ರು ನೋಡಿ ಕಲೀತಿದ್ರು. ನೀ ಮುಚ್ಚಲಾಕತ್ತಿ. ಒಂದು ಅಂಗಡ್ಯಾಗ ಗಾದಿ ಮ್ಯಾಲ ಇರ್ತದ, ನಿನ್ನ ಬಾಜೂಕ. ಒಂದು ಉಣ್ಣೋ ಖೋಲ್ಯಾಗ, ನಿನ್ನ ತಾಟಿನ ಮುಂದ. ಇನ್ನೊಂದು..." ಅವರು ಸ್ವಲ್ಪ ಯೋಚಿಸಿದರು. "ಇನ್ನೊಂದು ನೀ ಮಲಗೋ ಖೋಲ್ಯಾಗ."

ಶೇಟರು ಮೂರು ಮೂಗುಗಳನ್ನೂ ಬಲದಿಂದ ಎಡಕ್ಕೆ ನೋಡಿದರು. ಎಡದಿಂದ ಬಲಕ್ಕೆ ನೋಡಿದರು. ಆಮೇಲೆ ಗುಮಾಸ್ತನನ್ನು ಕೂಗಿದರು.

ಹೊಸ ಕಾಗದ ಟೈಪ್ ಆಗುವ ತನಕ ನಾವು ಯಾರೂ ಅಲ್ಲಿಂದ ಕದಲಲಿಲ್ಲ. ಶಿಲ್ಪ ವಿಭಾಗ ಮುಂದುವರಿಯುವುದು, ವೈಜನಾಥ ಅವರನ್ನು ಪೂರ್ಣ ಹುದ್ದೆಗೆ ತೆಗೆದುಕೊಳ್ಳುವುದು. ಶೇಟರು ಸಹಿ ಹಾಕಿದರು. ಶಿವಗಂಗಾಬಾಯಿ ಕಾಗದವನ್ನು ಎತ್ತಿ ನಡುವಿನ ಮೂರ್ತಿಯ ಮೂಗಿನ ಕೆಳಗೆ ಒಮ್ಮೆ ಹಿಡಿದು, ಆಮೇಲೆ ಇವರ ಕೈಗೆ ಕೊಟ್ಟರು. ನಾಲ್ಕು ಮೂರ್ತಿಗಳ ಹಣವನ್ನು ದತ್ತಾತ್ರಿಗೆ ತಾವೇ ಕೊಡುವುದಾಗಿ ಹೇಳಿ, ಮತ್ತೆ ಶೇರ್ ಆಟೋ ಹತ್ತಿ ಹೋದರು.

ಶೆಡ್ಡಿನಿಂದ ಫ್ಲೆಕ್ಸ್ ಬೋರ್ಡುಗಳು ಹೊರಬಿದ್ದವು. ಮೂವರು ಗುರುಲಿಂಗಪ್ಪನವರು ಈಗ ಅಲ್ಲಿ ಸಾಲಾಗಿ ಕುಳಿತಿದ್ದಾರೆ. ಐವರು ವಿದ್ಯಾರ್ಥಿಗಳು ನೋಡಿ ನೋಡಿ ಮೂಗು ಮಾಡುತ್ತಾರೆ. ಗೇಟಿನಲ್ಲಿರುವವರ ಹತ್ತಿರ ಮೊಂಢಾಕ್ಕೆ ಹೋಗುವ ರೈತರು ಒಮ್ಮೊಮ್ಮೆ ಆಟೋ ನಿಲ್ಲಿಸಿ ಮೂಗಿನ ಕೆಳಗೆ ಕಾಳು ಹಿಡಿದು ಹೋಗುತ್ತಾರೆ. ಶೇಟರು ಆ ಗೇಟಿನಿಂದ ಬರುವಾಗ ಕಾರಿನ ಗಾಜು ಏರಿಸಿಕೊಳ್ಳುತ್ತಾರಂತೆ. ನಾನು ದತ್ತಾತ್ರಿಯ ಜೊತೆ ಮಾತಾಡುವಾಗ ಮೂಗು ಎಂದೇ ಅನ್ನುತ್ತೇನೆ, ಅದೂ ಎರಡು ಸಲ.

ಮೇ ತಿಂಗಳ ಸೂಟಿ ಬಂತು. ಇವರು ಹಿತ್ತಲಲ್ಲಿ ಕುಳಿತು, ಕಣ್ಣು ಮುಚ್ಚಿ, ಮಣ್ಣಿನಲ್ಲಿ ಯಾವುದೋ ಮುದುಕಿಯ ಮುಖವನ್ನು ಕಟ್ಟುವುದು, ಕೆಡಿಸುವುದು ಮಾಡುತ್ತಿದ್ದರು. ಪ್ರತಿ ಸಲ ಕೆಡಿಸುವ ಮೊದಲು ಅಚ್ಚು ತೆಗೆಯುತ್ತಿದ್ದರು. ನಾನು ಏನೂ ಕೇಳದೆ ಬಟ್ಟೆ ಒದ್ದೆ ಮಾಡಿಕೊಡುತ್ತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಪ್ರಾಜಕ್ತಾಳನ್ನು ಕೇಳಿದರು:

"ಏನವಾ, ನಿಮ್ಮಪ್ಪ ಈ ಸೂಟ್ಯಾಗೂ ಬಂದ್ ಅದಾರೇನು?"

"ಇಲ್ರಿ," ಎಂದಳು ಮಗಳು. "ಈಗ ನಮ್ಮಪ್ಪ ದಿನಾ ಚಾಲೂ."